ಸೀರೆಯ ಮಡಿಕೆಯಲ್ಲಿ ಹರಿಗೋಲು

ಉಡಿಗೆ ಹಾಕಿದ ಜಂಪರ್ ಪೀಸನ್ನು, ಅಂದರೆ ರವಿಕೆಯ ಬಟ್ಟೆಯನ್ನು, ನಮ್ಮ ಕಡೆ ಯಾರೂ ಹೊಲಿಸಿಕೊಳ್ಳುವುದಿಲ್ಲ. ಇದು ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬಂಧುಗಳ ಮನೆಗೆ ಹೋದ ಹೆಣ್ಣುಮಗಳು ಹೊರಡುವಾಗ ಆಕೆಯ ಸೆರಗಿಗೆ ಅಕ್ಕಿ, ಒಣಕೊಬ್ಬರಿ, ಅರಿಷಿಣದ ಬೇರು, ಎಲೆ ಅಡಿಕೆ ಬೀಳುತ್ತವೆ. ಮೇಲೊಂದು ಜಂಪರ್ ಪೀಸು ಬೀಳುತ್ತದೆ. ಆಕೆ ಅದನ್ನು ಕಣ್ಣಿಗೊತ್ತಿಕೊಂಡು, ಮನೆಗೆ ಒಯ್ದು, ಟ್ರಂಕಿನಲ್ಲಿಡುತ್ತಾಳೆ. ಮುಂದೆ ಆಕೆಯ ಮನೆಗೆ ಯಾರೋ ಬರುತ್ತಾರೆ. ಅದೇ ಪೀಸು ಅವರ ಉಡಿ ಸೇರುತ್ತದೆ. ಹೀಗೆ ಅದು ಕುಷ್ಟಗಿಯಿಂದ ಯಲಬುರ್ಗಾಕ್ಕೆ, ಯಲಬುರ್ಗಾದಿಂದ ಕೊಪ್ಪಳಕ್ಕೆ, ಕೊಪ್ಪಳದಿಂದ ಗಂಗಾವತಿಗೆ ಮಡಿಕೆ ಬಿಚ್ಚದೆ ತಿರುಗುತ್ತಿರುತ್ತದೆ.

ಈ ತಿರುಗಾಟವನ್ನು ಕಣ್ಣಾರೆ ಕಂಡವರು ಶೇಖರಮ್ಮ. ಕುಷ್ಟಗಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರದೊಂದು ಮ್ಯಾಚಿಂಗ್ ಸೆಂಟರ್. ಜಂಪರ್ ಪೀಸು, ಅಸ್ತರು, ಲೇಸು, ಗುಂಡಿ ಮಾರುತ್ತಾರೆ. ಸೀರೆಗೆ ಫಾಲ್ ಹಚ್ಚಿ ಪಿಕೋ ಮಾಡಿಕೊಡುತ್ತಾರೆ. ನಮ್ಮ ಅವ್ವನ ಸೀರೆಗಳೆಲ್ಲ ಅಲ್ಲಿ ಹೋಗಿ ಬಂದವುಗಳೇ. ಒಂದು ವರ್ಷ ಅವರು ಬದನೆಕಾಯಿ ಬಣ್ಣದ ಪೀಸೊಂದನ್ನು ಮಾರಿದರು. ನೇಯ್ಗೆಯಲ್ಲಿ ಅಡ್ಡಕ್ಕೊಂದು ಎಳೆ ತಪ್ಪಿತ್ತು. ಕೊಳ್ಳುವವಳಿಗೆ ತೋರಿಸಿಯೇ ಕೊಟ್ಟರು. "ಉಡಿಗೆ ಹಾಕಾಕರಿ, ನಡೀತೈತಿ ಬಿಡ್ರಿ" ಎಂದು ಆಕೆ ಒಯ್ದಳು. ಮುಂದೊಮ್ಮೆ ಶೇಖರಮ್ಮ ತವರೂರು ಮಂಗಳೂರಿಗೆ, ಅಂದರೆ ನಮ್ಮ ಯಲಬುರ್ಗಾ ಕಡೆಯ ಮಂಗಳೂರಿಗೆ, ಹೋಗಿ ಹೊರಟಾಗ ಅದೇ ಪೀಸು ಅದೇ ತಪ್ಪಿದ ಎಳೆಯೊಂದಿಗೆ ಅವರ ಉಡಿಗೆ ಬಿತ್ತು. ಅವರು ಅದನ್ನು ಕಣ್ಣಿಗೊತ್ತಿಕೊಂಡರು. ತಂದು ಅಂಗಡಿಯಲ್ಲಿಟ್ಟರು. ಅದು ಮತ್ತೆ ಮಾರಾಟವಾಯಿತು.

"ಟಪಾಲಕ್ಕಿಂತ ಇದ ಛಲೋ ಮುಟ್ಟತೈತಿ ನೋಡ್ರಿ" ಎಂದು ಶೇಖರಮ್ಮ ಗಂಡನಿಗೆ ಹೇಳಿದರು.

ಗಂಡ ಪಂಪಾಪತಿ ಪಕ್ಕದ ಅಂಗಡಿಯಲ್ಲಿ ನೀರೆತ್ತುವ ಮೋಟಾರುಗಳಿಗೆ ತಂತಿ ಸುತ್ತುತ್ತಾರೆ. ಸುತ್ತುವಾಗ ತಲೆ ಎತ್ತುವ ರೂಢಿ ಅವರಿಗಿಲ್ಲ.

"ಮುಟ್ಟತೈತಿ, ಖರೆ" ಎಂದರು. "ಆದ್ರ ಯಾರೂ ಬಿಚ್ಚಂಗಿಲ್ಲ."

ಶೇಖರಮ್ಮ ಮೊದಲ ಮಾತನ್ನು ಮಾತ್ರ ಕೇಳಿಸಿಕೊಂಡರು.

ಅವರಿಗೆ ಓದುವ ಹುಚ್ಚಿತ್ತು. ಓದಿದ್ದು ಹತ್ತನೆಯ ತರಗತಿ. ಆಮೇಲೆ ಓದು ಬಿಟ್ಟವರಲ್ಲ, ಸಾಲಿ ಬಿಟ್ಟವರು. ರದ್ದಿ ಅಂಗಡಿಯವನು ಬಂದ ಪುಸ್ತಕಗಳನ್ನು ತೂಕಕ್ಕೆ ಹಾಕುವ ಮೊದಲು ಅವರಿಗೊಮ್ಮೆ ತೋರಿಸುತ್ತಿದ್ದ. ಪತ್ತೇದಾರಿ ಕತೆ, ಸಂಸಾರದ ಕಾದಂಬರಿ, ಜೇನು ಸಾಕುವ ವಿಧಾನ, ಯಾವುದೂ ಆದೀತು. ಅಂಗಡಿಯ ಮೇಲಿನ ಹಲಗೆಯಲ್ಲಿ ಲೇಸಿನ ಡಬ್ಬಿಗಳ ಹಿಂದೆ ಪುಸ್ತಕಗಳ ಸಾಲಿತ್ತು.

ಒಂದೇ ಹುಚ್ಚು ಇಬ್ಬರಿಗಿದ್ದಾಗ ಅದು ಹುಚ್ಚಾಗಿ ಕಾಣುವುದಿಲ್ಲ. ಇನ್ನೊಬ್ಬರು ಗೌಸಬೀ. ಅದೇ ಅಂಗಡಿಯ ಮೂಲೆಯಲ್ಲಿ ಮಷೀನು ಹಾಕಿಕೊಂಡು ಜಂಪರ್ ಹೊಲಿಯುತ್ತಿದ್ದರು, ವರ್ಷಗಟ್ಟಲೆ. ಒಮ್ಮೆ ರದ್ದಿಯಲ್ಲಿ ದಪ್ಪದೊಂದು ಕಾದಂಬರಿ ಬಂತು. ರಟ್ಟಿಲ್ಲ, ಮೊದಲ ಹಾಳೆಗಳಿಲ್ಲ, ಬರೆದವರು ಯಾರೆಂದು ಗೊತ್ತಿಲ್ಲ. ಇಬ್ಬರಿಗೂ ಕೂಡಲೇ ಓದಬೇಕಾಗಿತ್ತು. ಗೌಸಬೀ ಕತ್ತರಿ ತೆಗೆದುಕೊಂಡು ನಡುವೆ ಹೊಲಿಗೆ ಬಿಚ್ಚಿ ಪುಸ್ತಕವನ್ನು ಎರಡು ಮಾಡಿದರು. ಮೊದಲರ್ಧ ಶೇಖರಮ್ಮನಿಗೆ, ಎರಡನೆಯ ಅರ್ಧ ತಮಗೆ. ಕತೆಯ ಕೊನೆಯನ್ನು ಮೊದಲು ಓದಿದ ಗೌಸಬೀ ಬಾಯಿ ಬಿಡದೆ ಕುಳಿತದ್ದು ಆ ವರ್ಷದ ದೊಡ್ಡ ಸಾಧನೆ. ಅದಲು ಬದಲಾಗಿ ಇಬ್ಬರದೂ ಮುಗಿದ ಮೇಲೆ ಶೇಖರಮ್ಮ ಎರಡೂ ಅರ್ಧಗಳನ್ನು ದಪ್ಪ ದಾರದಲ್ಲಿ ಮತ್ತೆ ಕೂಡಿಸಿ ಹೊಲಿದರು. ಅದಕ್ಕೆ ಹೆಸರಿಲ್ಲದ್ದರಿಂದ ಹರಿಗೋಲಿನ ಪುಸ್ತಕ ಎಂದು ಕರೆದರು.

ಅದು ಹೊಳೆಯಲ್ಲಿ ಹರಿಗೋಲು ಹಾಕಿ ಜನರನ್ನು ದಾಟಿಸುವ ಕಾಳವ್ವ ಎಂಬವಳ ಕತೆ. "ಎಂದು ಹೇಳಿ ಆಕೆ ಹೊಳೆಗೆ ಇಳಿದಳು" ಎಂದು ಶುರುವಾಗುತ್ತದೆ. ಏನೆಂದು ಹೇಳಿದಳೋ, ಅದು ಕಳೆದುಹೋದ ಹಾಳೆಯಲ್ಲಿದೆ. ಗಂಡ ಇನ್ನೊಬ್ಬಳನ್ನು ಕಟ್ಟಿಕೊಳ್ಳುತ್ತಾನೆ. ಆ ಸಣ್ಣಾಕೆಯನ್ನೂ ಕಾಳವ್ವ ಹೊಳೆ ದಾಟಿಸುತ್ತಾಳೆ, ಮತ್ತೆ ಮತ್ತೆ. ಕೊನೆಯಲ್ಲಿ ಹೊಳೆ ತುಂಬಿದಾಗ ಕಾಳವ್ವ ತಾನು ಹರಿಗೋಲಿನಿಂದ ದಂಡೆಗೆ ಇಳಿದು, ನೀರಿಗೆ ಹಾಕುವ ಹುಟ್ಟನ್ನು ಸಣ್ಣಾಕೆಯ ಕೈಗೆ ಕೊಟ್ಟು, ಹಿಂದಿರುಗಿ ನೋಡದೆ ನಡೆದುಬಿಡುತ್ತಾಳೆ. "ನಡುಹೊಳೆಯಲ್ಲಿ ಹರಿಗೋಲು ಮೆಲ್ಲಗೆ ತಿರುಗುತ್ತಿತ್ತು" ಎನ್ನುವುದು ಕೊನೆಯ ಸಾಲು.

"ಕ್ಷಮಾ ಮಾಡ್ಯಾಳ ಆಕಿ" ಎಂದು ಶೇಖರಮ್ಮ.

"ಕ್ಷಮಾ ಎಲ್ಲೀದು ಬೇ? ಸಾಕಾಗೇತಿ ಆಕಿಗೆ. ತಗೋ, ನೀನ ಸಾಯಿ ಇನ್ನ ಇದ್ರಾಗ ಅಂತ ಕೊಟ್ಟಾಳ" ಎಂದು ಗೌಸಬೀ.

ಈ ಜಗಳ ವರ್ಷಗಟ್ಟಲೆ ನಡೆಯಿತು. ಗಿರಾಕಿಗಳು ಬಂದಾಗ ನಿಲ್ಲುತ್ತಿತ್ತು, ಹೋದ ಮೇಲೆ ನಿಂತಲ್ಲಿಂದಲೇ ಮುಂದುವರಿಯುತ್ತಿತ್ತು.

ಆಮೇಲೆ ಗೌಸಬೀ ಮೊಣಕಾಲಿನ ನೋವಿಗೆ ಮಷೀನು ಮಾರಿ, ಗಂಗಾವತಿ ಕಡೆಯ ಸಿದ್ದಾಪುರದಲ್ಲಿದ್ದ ಮಗಳು ನಾಹೀದಾಳ ಮನೆ ಸೇರಿದರು. ಸತ್ತಿದ್ದರೆ ಶೇಖರಮ್ಮ ಅತ್ತು ಸುಮ್ಮನಾಗುತ್ತಿದ್ದರು. ಗೌಸಬೀ ಸಾಯಲಿಲ್ಲ, ಟೀವಿಯ ಧಾರಾವಾಹಿ ನೋಡತೊಡಗಿದರು. ಫೋನು ಮಾಡಿದಾಗಲೆಲ್ಲ ಹಿಂದೆ ಯಾರೋ ಅಳುತ್ತಿರುತ್ತಿದ್ದರು. ಕಾಳವ್ವನ ಸುದ್ದಿ ಎತ್ತಿದರೆ, "ತಡಿ ಬೇ, ಜಾಹೀರಾತು ಬರ್ಲಿ" ಎನ್ನುತ್ತಿದ್ದರು. ಜಾಹೀರಾತು ಬರುವಷ್ಟರಲ್ಲಿ ಅಂಗಡಿಗೆ ಗಿರಾಕಿ ಬರುತ್ತಿದ್ದರು.

ಶೇಖರಮ್ಮನಿಗೆ ಬೇಕಾದದ್ದು ದೊಡ್ಡದೇನಲ್ಲ. ಆ ಪುಸ್ತಕವನ್ನು ಓದಿದ ಇನ್ನೊಂದು ಜೀವ ಬೇಕಿತ್ತು. ಕಾಳವ್ವ ಹುಟ್ಟನ್ನು ಯಾಕೆ ಕೊಟ್ಟಳು ಎಂದು ಕೇಳಿದರೆ, "ಯಾವ ಕಾಳವ್ವ" ಎನ್ನದವರು. ಸಂಜೆ ಅಂಗಡಿಯ ಕದ ಎಳೆಯುವ ಮೊದಲು ಅವರು ಗೌಸಬೀ ಕೂರುತ್ತಿದ್ದ ಮೂಲೆಯನ್ನು ಒಮ್ಮೆ ಗುಡಿಸುತ್ತಿದ್ದರು. ಅಲ್ಲಿ ಕಸ ಬೀಳುವುದು ನಿಂತು ಬಹಳ ದಿನವಾಗಿತ್ತು.

ಆದರೆ ಹರಿಗೋಲಿನ ಪುಸ್ತಕ ಒಂದೇ ಪ್ರತಿ. ಹೆಸರೇ ಇಲ್ಲದ್ದನ್ನು ಇನ್ನೊಂದು ಕೊಳ್ಳುವುದು ಹೇಗೆ? ಹಾಗಾಗಿ ಮೊದಲು ಬೇರೆ ಪುಸ್ತಕ ಕೊಟ್ಟು ಓದುವವರನ್ನು ತಯಾರು ಮಾಡಿಕೊಳ್ಳೋಣ, ಇದನ್ನು ಕೊನೆಗೆ ಕೊಡೋಣ ಎಂದುಕೊಂಡರು. ಪುಸ್ತಕಗಳೆಲ್ಲ ಹರಕು ಮುರುಕು. ಮಂದಿಯ ಕೈಗೆ ಹಾಗೆ ಕೊಡುವುದು ಹೇಗೆಂದು ಜಂಪರಿನ ಖಣದ ತುಂಡುಗಳಿಂದ, ಜರಿಯಂಚು ಮುಂದೆ ಬರುವಂತೆ, ಒಂದೊಂದಕ್ಕೂ ಹೊದಿಕೆ ಹೊಲಿದರು. ಹಸಿರು, ಕೆಂಪು, ನೀಲಿ. ಅಂಗಡಿಯ ಮುಂದಿನ ಹಲಗೆಯಲ್ಲಿ ಜೋಡಿಸಿ, "ಒಯ್ದು ಓದಿರಿ, ಓದಿ ತಂದಿಡಿರಿ" ಎಂದು ಬರೆದು ಅಂಟಿಸಿದರು.

ಮೊದಲ ದಿನವೇ ಒಬ್ಬಾಕೆ ಹಸಿರು ಪುಸ್ತಕವನ್ನು ಎಳೆದು ತನ್ನ ಸೀರೆಯಂಚಿಗೆ ಹಿಡಿದು ಬೆಳಕಿನಲ್ಲಿ ನೋಡಿದಳು.

"ಇದ್ರಾಗ ಒಂದು ಮೀಟರ್ ಹರೀರಿ."

"ಅದು ಪುಸ್ತಕವಾ."

"ಇರ್ಲಿ ಬಿಡ್ರಿ, ನನಗ ಇದ ಕಲರ್ ಬೇಕು."

ಹಲಗೆಯಿಂದ ಯಾರೂ ಏನನ್ನೂ ಒಯ್ಯಲಿಲ್ಲ. ಪುಕ್ಕಟೆ ಕೊಡುತ್ತಾರೆಂದರೆ ಏನೋ ದೋಷವಿರಬೇಕು ಎಂದು ನಮ್ಮ ಊರು ತಿಳಿಯುತ್ತದೆ. ಬಟ್ಟೆಯ ವ್ಯಾಪಾರದಲ್ಲಿ ಅದು ನಿಜವೂ ಹೌದು. ಆಗ ಶೇಖರಮ್ಮನಿಗೆ ಆ ಬದನೆಕಾಯಿ ಬಣ್ಣದ ಪೀಸು ನೆನಪಾಯಿತು. ಉಡಿಗೆ ಹಾಕಿದ್ದನ್ನು ಯಾರೂ ಬೇಡವೆನ್ನುವುದಿಲ್ಲ. ಶ್ರಾವಣ ಬಂತು. ಮನೆಗೆ ಬಂದವರಿಗೆಲ್ಲ ಉಡಿ ತುಂಬುವಾಗ ಜಂಪರ್ ಪೀಸಿನ ಬದಲು ಖಣದ ಹೊದಿಕೆಯ ಪುಸ್ತಕ ಹಾಕಿದರು. ಎಲ್ಲರೂ ಕಣ್ಣಿಗೊತ್ತಿಕೊಂಡು ಒಯ್ದರು. ಪುಸ್ತಕಗಳು ಊರೂರಿಗೆ ಹೋದವು. ಶೇಖರಮ್ಮ ಅಭಿಪ್ರಾಯಗಳಿಗಾಗಿ ಕಾದರು.

ಅಭಿಪ್ರಾಯ ಸಿಕ್ಕಿದ್ದು ಯಲಬುರ್ಗಾದಲ್ಲಿ, ದೂರದ ತಂಗಿ ಮಾರೆಮ್ಮನ ಮನೆಯಲ್ಲಿ, ಆಕೆಯ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ಹೋದಾಗ. ದೇವರ ಜಗಲಿಗೆ ನಮಸ್ಕರಿಸಲು ಬಾಗಿದ ಶೇಖರಮ್ಮ ಹಾಗೇ ನಿಂತರು. ಜಗಲಿಯ ಮೇಲೆ ಲಿಂಗದ ಬಲಕ್ಕೆ ಅವರ ಹಸಿರು ಖಣದ ಪುಸ್ತಕ ಕುಳಿತಿತ್ತು. ಅದಕ್ಕೆ ವಿಭೂತಿ, ಕುಂಕುಮ, ಒಂದು ಕಣಗಿಲೆ ಹೂ. ಅದು ಸಾರಿನಲ್ಲಿ ವಿಷ ಬೆರೆಸಿ ಒಂದು ಮನೆತನವನ್ನೇ ಮುಗಿಸುವ ಅಡುಗೆಯವನ ಕತೆ.

"ಮಾರೆವ್ವಾ, ಇದನ್ನ ಓದೀದೇನ?"

"ಅಯ್ಯ, ಮಡಿ ಇಲ್ಲದ ಹೆಂಗ ಮುಟ್ಲಕ್ಕ?"

"ಮೈ ತೊಳಕೊಂಡು ಮುಟ್ಟು."

"ಮೈ ತೊಳಕೊಂಡಮ್ಯಾಲ ಅಡಗಿ ಕೆಲಸ ಇರತೈತಲ್ಲ. ಆದ್ರ ಒಂದು ಮಾತು ಹೇಳ್ತೀನಿ, ಇದು ಬಂದಾಗಿಂದ ಮನ್ಯಾಗ ಭಾಳ ಶಾಂತಿ ಐತಿ. ನಾನು ಸೊಸಿ ಒಂದ ಒಲಿ ಮುಂದ ನಿಂದರಾಕತ್ತೀವಿ ಅಂದ್ರ ನೀ ನಂಬಂಗಿಲ್ಲ."

ಸೊಸೆ ಪಕ್ಕದಲ್ಲೇ ನಿಂತಿದ್ದಳು, ಹೌದೆಂದು ತಲೆಯಾಡಿಸಿದಳು. ಅಂಥ ಮನೆಯಲ್ಲಿ ಸಾರಿನ ವಿಷಯ ಎತ್ತುವುದು ಸರಿಯೆನಿಸಲಿಲ್ಲ. ಮಂಗಳಾರತಿಯ ತಟ್ಟೆ ಬಂದಾಗ ಶೇಖರಮ್ಮ ಎಲ್ಲರೊಂದಿಗೆ ಆ ಅಡುಗೆಯವನಿಗೂ ಕೈಮುಗಿದರು.

ಸುದ್ದಿ ಬೇಗ ಹಬ್ಬಿತು. ಮ್ಯಾಚಿಂಗ್ ಸೆಂಟರಿಗೆ ಹೆಂಗಸರು ಬಂದು "ಆ ಜರಿಯಂಚಿನ ಪುಸ್ತಕ ಐತೇನ್ರಿ?" ಎಂದು ಕೇಳಿದರು. ಒಬ್ಬಾಕೆ ಮಗನ ಪರೀಕ್ಷೆಗೆ ಯಾವ ಬಣ್ಣದ್ದು ಒಳ್ಳೆಯದೆಂದು ವಿಚಾರಿಸಿದಳು. ಪುಸ್ತಕಗಳಿಗೆ ಅಷ್ಟು ಬೇಡಿಕೆ ಕುಷ್ಟಗಿಯಲ್ಲಿ ಹಿಂದೆಂದೂ ಇರಲಿಲ್ಲ. ಒಂದೂ ಬಿಚ್ಚಿಕೊಳ್ಳಲಿಲ್ಲ.

"ದೇವರನ್ನ ಹಂಚಾಕತ್ತೀದಿ ನೀನು" ಎಂದರು ಪಂಪಾಪತಿ, ತಂತಿಯಿಂದ ಕಣ್ಣು ತೆಗೆಯದೆ. "ಗುಡಿಗೆ ಜಾಗ ನೋಡ್ಲೇನ?"

"ನೋಡ್ರಿ. ಕಟ್ಟಿದಮ್ಯಾಲ ನಿಮ್ಮನ್ನ ಪೂಜಾರಿ ಮಾಡ್ತೀನಿ. ಕೆಲಸ ಬಿಟ್ಟು ತಲಿ ಎತ್ತಿ ನೋಡಾಕರ ಕಲೀತೀರಿ."

ಕೊನೆಯ ಆಸೆ ಸಿದ್ದಾಪುರದ ಮೇಲಿತ್ತು. ಗೌಸಬೀಯನ್ನು ಟೀವಿಯಿಂದ ಬಿಡಿಸಬೇಕೆಂದು ಶೇಖರಮ್ಮ ನಾಹೀದಾಳ ಕೈಯಲ್ಲಿ ಕೆಂಪು ಖಣದ ಪುಸ್ತಕವೊಂದನ್ನು ಕೊಟ್ಟು ಕಳಿಸಿದ್ದರು. ಭತ್ತದ ಕಟಾವಿನ ಹೊತ್ತಿಗೆ ನೋಡಿ ಬರೋಣವೆಂದು ತಾವೇ ಹೋದರು. ಗೌಸಬೀ ಮಂಚದ ಮೇಲೆ ಕುಳಿತಿದ್ದರು. ಟೀವಿಯಲ್ಲಿ ಒಬ್ಬಳು ಇನ್ನೊಬ್ಬಳ ಕೆನ್ನೆಗೆ ಹೊಡೆಯುತ್ತಿದ್ದಳು. ಅದನ್ನು ಬೇರೆ ಬೇರೆ ದಿಕ್ಕಿನಿಂದ ತೋರಿಸುತ್ತಿದ್ದರು.

"ಪುಸ್ತಕ ಎಲ್ಲೈತಿ?"

ಗೌಸಬೀ ಮೇಲಕ್ಕೆ ಬೆರಳು ಮಾಡಿದರು. ಬಾಗಿಲಿನ ಮೇಲೆ ಸೂರಿಗೆ ತಾಕಿದ ಗೂಡಿನಲ್ಲಿ, ಬಿಳಿ ಬಟ್ಟೆಯ ಮೇಲೆ, ಪುಸ್ತಕವಿತ್ತು. ಮುಂದೆ ಊದಿನಕಡ್ಡಿಯ ಬೂದಿ.

"ನನಗ ಎಟುಕಂಗಿಲ್ಲ ಬೇ" ಎಂದರು ಗೌಸಬೀ.

ನಾಹೀದಾ ಚಹಾ ತಂದಳು. "ಜರಿ ಬಟ್ಟಿ ಸುತ್ತಿ ಕೊಟ್ಟಿದ್ರಲ್ರಿ ಮೌಶಿ. ನಿಮ್ಮ ದೇವರದು ಅಂದ್ಕೊಂಡೆ. ಯಾರ ದೇವರಾದ್ರೇನು, ಕೆಳಗ ಇಡಬಾರದಲ್ರಿ?"

ಶೇಖರಮ್ಮ ಚಹಾ ಕುಡಿದರು. ಆ ಪುಸ್ತಕ ಜೇನು ಸಾಕುವುದರ ಬಗ್ಗೆ ಇತ್ತು ಎಂದು ಹೇಳಲಿಲ್ಲ.

ಬಸ್ಸಿನಲ್ಲಿ ಹಿಂದಿರುಗುವಾಗ ಕಾಲುವೆಯ ಪಕ್ಕದಲ್ಲಿ ಹಸಿ ಹುಲ್ಲಿನ ವಾಸನೆ ಕಿಟಕಿಯಿಂದ ಬರುತ್ತಿತ್ತು. ತಪ್ಪು ಯಾರದೆಂದು ಅವರಿಗೆ ಆಗ ತಿಳಿಯಿತು. ಅಷ್ಟು ಚೆಂದವಾಗಿ ಹೊಲಿದು ಉಡಿಗೆ ಹಾಕಿದರೆ ಯಾರಾದರೂ ಯಾಕೆ ಬಿಚ್ಚುತ್ತಾರೆ? ಮನೆಗೆ ಬಂದವರೇ ಬ್ಲೇಡು ಹಿಡಿದು ಉಳಿದ ಪುಸ್ತಕಗಳ ಹೊದಿಕೆಯ ಹೊಲಿಗೆ ಬಿಚ್ಚತೊಡಗಿದರು. ಖಣದ ತುಂಡುಗಳು ಒಂದು ಕಡೆ, ಹರಕು ಪುಸ್ತಕಗಳು ಒಂದು ಕಡೆ. ಹರಿಗೋಲಿನ ಪುಸ್ತಕಕ್ಕೆ ಎಲ್ಲಕ್ಕಿಂತ ಚೆಂದದ ಹೊದಿಕೆಯಿತ್ತು. ಅದನ್ನೂ ಬಿಚ್ಚಿದರು.

ಬಿಚ್ಚಿದ ಮೇಲೆ ಏನು ಮಾಡಬೇಕೆಂದು ಅವರಿಗೆ ಗೊತ್ತಾಗಲಿಲ್ಲ, ಅವು ಬಹಳ ದಿನ ಹಾಗೇ ಬಿದ್ದಿದ್ದವು.

ಮುಂದಿನ ಬೇಸಿಗೆಯಲ್ಲಿ ಒಬ್ಬ ಹೆಂಗಸು ಅಂಗಡಿಗೆ ಬಂದಳು. ಊರಿನವಳಲ್ಲ. ಮೂವತ್ತರ ಆಸುಪಾಸು, ಬಿಸಿಲಿಗೆ ಸೆರಗನ್ನು ತಲೆಗೆ ಸುತ್ತಿಕೊಂಡಿದ್ದಳು. ಅಕ್ಕನ ಮನೆಗೆ ಬಂದಾಗ ಹಿಂದೊಮ್ಮೆ ಇಲ್ಲಿ ಸೀರೆಗೆ ಫಾಲ್ ಹಚ್ಚಿಸಿದ್ದಳಂತೆ. ಚೀಲದಿಂದ ಒಂದು ಲಗ್ನಪತ್ರಿಕೆ ತೆಗೆದು ಕೊಟ್ಟಳು.

"ಇದು ನನ್ನ ಸೀರಿ ಮಡಿಕಿಯಾಗ ಬಂದಿತ್ರಿ. ನಿಮ್ಮದ ಇರ್ಬೇಕು."

ಪಂಪಾಪತಿಯ ಸೋದರಳಿಯನ ಮದುವೆಯ ಪತ್ರಿಕೆ. ಇಸ್ತ್ರಿ ಮಾಡಿ ಮಡಚುವಾಗ ಮೇಜಿನ ಮೇಲಿದ್ದದ್ದು ಸೇರಿಹೋಗಿರಬೇಕು. ಆ ಪತ್ರಿಕೆ ಕಾಣದೆ ಶೇಖರಮ್ಮ ಮುಹೂರ್ತ ಮುಗಿದ ಮೇಲೆ ಮಂಟಪ ಮುಟ್ಟಿದ್ದರು.

"ಮದಿವಿ ಛಲೋ ಆತೇನ್ರಿ?" ಎಂದು ಆ ಹೆಂಗಸು ಕೇಳಿದಳು. "ವರನ ಹೆಸರ ಮುಂದ ಡಿಗ್ರಿ ಭಾಳ ದೊಡ್ಡದ ಹಾಕ್ಯಾರ, ವಧುವಿಂದು ಕಂಸದಾಗ ಹಾಕ್ಯಾರ. ಸೋದರಮಾವಂದಿರೊಳಗ ಒಬ್ಬರ ಹೆಸರು ಎರಡು ಸಲ ಬಂದೈತಿ. ಅವ್ರು ಎರಡು ಆಹೇರಿ ಉಡುಗೊರಿ ಕೊಟ್ರೇನ್ರಿ?"

"ಎಲ್ಲಾ ಓದೀಯಲ್ಲವಾ!"

"ಮತ್ತ? ಯಾರದು ಅಂತ ತಿಳೀಬೇಕಲ್ರಿ. ಬಿಟ್ಟುಹೋದ ಸಾಮಾನು ಹಾಂಗ ಇಟ್ಕೊಳ್ಳಾಕ ಬರತೈತೇನು? ಓದಿ ನೋಡಬೇಕು."

ಆಕೆ ಇನ್ನೊಂದು ಸೀರೆಯನ್ನು ಫಾಲ್ ಹಚ್ಚಲು ಕೊಟ್ಟು ಬೆಂಚಿನ ಮೇಲೆ ಕುಳಿತು ತಾನು ತಂದಿದ್ದ ಮಿರ್ಚಿ ಬಜ್ಜಿ ತಿಂದಳು. ತಿಂದಾದ ಮೇಲೆ ಮಿರ್ಚಿ ಕಟ್ಟಿದ್ದ ಎಣ್ಣೆಯ ಕಾಗದವನ್ನು ಬಿಡಿಸಿದಳು. ಹಳೆಯ ದಿನಪತ್ರಿಕೆಯ ತುಂಡು. ಆಕೆ ಅದನ್ನು ಮೇಲಿನಿಂದ ಕೆಳಗಿನವರೆಗೆ ಓದಿದಳು. ಸುದ್ದಿ ಅರ್ಧಕ್ಕೆ ಹರಿದಿತ್ತು. ಮುಂದಿನದು ಇದೆಯೇನೋ ಎಂದು ಹಿಂದೆ ತಿರುವಿದಳು. ಅಲ್ಲಿ ಸಿಮೆಂಟಿನ ಜಾಹೀರಾತಿತ್ತು. ಅದನ್ನೂ ಓದಿದಳು.

ಶೇಖರಮ್ಮ ಫಾಲಿನ ಸೂಜಿ ಹಿಡಿದುಕೊಂಡು ನೋಡುತ್ತಿದ್ದರು.

ಬಿಟ್ಟುಹೋದ ಸಾಮಾನು. ಕೊಟ್ಟದ್ದನ್ನು ಜನ ಇಟ್ಟುಕೊಳ್ಳುತ್ತಾರೆ. ಬಿಟ್ಟುಹೋದದ್ದನ್ನು ಬಿಚ್ಚಿ ನೋಡುತ್ತಾರೆ. ಹೆಸರು ಹುಡುಕುತ್ತಾರೆ. ಹರಿಗೋಲಿನ ಪುಸ್ತಕದಲ್ಲಿ ಹೆಸರು ಎಲ್ಲಿಯೂ ಇಲ್ಲ. ಹುಡುಕುವವರು ಕೊನೆಯವರೆಗೆ ಹೋಗಬೇಕಾಗುತ್ತದೆ.

ಅವರು ಒಳಗೆ ಹೋಗಿ ಪುಸ್ತಕವನ್ನು ತಂದರು. ಕೂಡಿಸಿದ ನಡುವಿನ ಹೊಲಿಗೆಯ ಮೇಲೆ ಬೆರಳಾಡಿಸಿದರು. ಗೌಸಬೀ ಕತ್ತರಿಸಿದ ಕಡೆ ಅಂಚು ತುಸು ಓರೆ. ಇದು ಹೋದರೆ ಹೋಯಿತು, ಇನ್ನೊಂದು ಇಲ್ಲ. ಸೀರೆಯನ್ನು ಮಡಚುವಾಗ ಆಕೆಗೆ ಕಾಣದಂತೆ ಒಳ ಮಡಿಕೆಯಲ್ಲಿ ಅದನ್ನು ಇಟ್ಟು, ಮೇಲೆ ಇನ್ನೆರಡು ಮಡಿಕೆ ತಂದು, ಚೀಲಕ್ಕೆ ಹಾಕಿ ಕೊಟ್ಟರು.

"ಸೀರಿ ಭಾರ ಆಗೇತಲ್ರಿ?" ಎಂದಳು ಆಕೆ.

"ಫಾಲ್ ಹಚ್ಚೇನಲ್ಲವಾ" ಎಂದರು ಶೇಖರಮ್ಮ.

ಆಕೆ ಹೋದ ಮೇಲೆ ಸೀರೆಗೆ ಸಿಕ್ಕಿಸಿದ್ದ ಚೀಟಿ ಮೇಜಿನ ಮೇಲೆ ಉಳಿಯಿತು. ಅಮೃತಾ, ಹನುಮನಹಳ್ಳಿ ಎಂದಿತ್ತು. ಅಂಜನಾದ್ರಿ ಬೆಟ್ಟದ ಕೆಳಗಿನ ಊರು, ಹೊಳೆಯ ಪಕ್ಕದ್ದು. ಶೇಖರಮ್ಮ ಅದನ್ನು ಓದಿ ಲೇಸಿನ ಡಬ್ಬಿಯಲ್ಲಿಟ್ಟರು.

ಮಳೆ ಶುರುವಾಯಿತು. ಶ್ರಾವಣ ಬಂತು, ಶೇಖರಮ್ಮ ಬಂದವರ ಉಡಿಗೆ ಮೊದಲಿನಂತೆ ಜಂಪರ್ ಪೀಸನ್ನೇ ಹಾಕಿದರು. ಕೆಲವರು ಉಡಿಯೊಳಗೆ ಇಣುಕಿ ನೋಡಿ ಸಪ್ಪಗಾದರು. ದಸರೆ ಕಳೆಯಿತು. ಹನುಮನಹಳ್ಳಿಯಿಂದ ಯಾರೂ ಬರಲಿಲ್ಲ. ಮೇಲಿನ ಹಲಗೆಯಲ್ಲಿ ಹರಿಗೋಲಿನ ಪುಸ್ತಕವಿದ್ದ ಜಾಗದಲ್ಲಿ ಅವರು ಬೇರೇನನ್ನೂ ಇಡಲಿಲ್ಲ. ಕೆಲವೊಮ್ಮೆ ಪಿಕೋ ಮಾಡುತ್ತ ಪುಸ್ತಕದ ಸಾಲುಗಳನ್ನು ನೆನಪಿಸಿಕೊಳ್ಳುತ್ತಿದ್ದರು. ಕಾಳವ್ವನ ಗಂಡ ಎರಡನೆಯ ಸಲ ಮನೆಗೆ ಬಂದಾಗ ಬಾಗಿಲಲ್ಲಿ ಏನಂದ? ನೆನಪಾಗಲಿಲ್ಲ. ಅದು ಪುಸ್ತಕದೊಂದಿಗೆ ಹೋಗಿತ್ತು.

ಪಂಪಾಪತಿ ಒಂದು ದಿನ ತಲೆ ಎತ್ತಿದರು. "ಹೋಗಿ ಕೇಳ್ಕೊಂಡು ಬರ್ಲೇನ? ಗಂಗಾವತಿಗೆ ಹೆಂಗೂ ತಾಮ್ರದ ತಂತಿಗೆ ಹೊಂಟೀನಿ. ಅಲ್ಲಿಂದ ಹನುಮನಹಳ್ಳಿ ಏನು ದೂರ?"

"ಬ್ಯಾಡ್ರಿ."

"ಯಾಕ?"

"ಕೇಳಿದ್ರ ಓದದ ಕೊಟ್ಟುಬಿಡ್ತಾಳ."

ಪಂಪಾಪತಿ ಹೆಂಡತಿಯ ಮುಖವನ್ನೇ ನೋಡಿದರು. ಆಮೇಲೆ ಮತ್ತೆ ತಂತಿಗೆ ಬಗ್ಗಿದರು. ಗಂಗಾವತಿಗೆ ಹೋದರು, ತಂತಿ ತಂದರು, ಬೇರೆ ಎಲ್ಲಿಗೂ ಹೋಗಲಿಲ್ಲ.

ಎಳ್ಳಮವಾಸ್ಯೆಯ ಮಾರನೆಯ ದಿನ ಮಧ್ಯಾಹ್ನ ಅಂಗಡಿಯಲ್ಲಿ ಒಬ್ಬ ಗಿರಾಕಿ ಕುಳಿತಿದ್ದರು. ಅವರ ರೇಷ್ಮೆ ಸೀರೆ ಪಿಕೋ ಮಷೀನಿನ ಸೂಜಿಯ ಕೆಳಗಿತ್ತು. ಅಮೃತಾ ಮೆಟ್ಟಿಲು ಹತ್ತಿ ಬಂದಳು. ಚೆನ್ನಾಗಿದ್ದೀರಾ ಎನ್ನಲಿಲ್ಲ, ಚಪ್ಪಲಿಯನ್ನೂ ಪೂರ್ತಿ ಬಿಡಲಿಲ್ಲ.

"ಆಕಿ ಹುಟ್ಟು ಯಾಕ ಕೊಟ್ಲ್ರೀ?"

ಮಷೀನು ನಿಂತಿತು.

"ಯಾರು?" ಎಂದರು ಶೇಖರಮ್ಮ. ಅವರಿಗೆ ಗೊತ್ತಿತ್ತು. ಇನ್ನೊಮ್ಮೆ ಕೇಳಬೇಕೆನಿಸಿತ್ತು.

"ಕಾಳವ್ವ! ಬ್ಯಾರೆ ಯಾರು? ಹೆಸರು ಹುಡುಕಾಕ ಅಂತ ತೆಗದೆ. ಹೆಸರು ಇಲ್ಲ ಏನಿಲ್ಲ. ಮುಂದ ನೋಡೋಣು, ಮುಂದ ನೋಡೋಣು ಅಂತ ಮೂರು ಹೊತ್ತಿನ ಅಡಗಿ ಹೊತ್ತಿಸೇನ್ರಿ. ಬೆಟ್ಟಕ್ಕ ಬಂದ ಮಂದಿ ನಮ್ಮ ಖಾನಾವಳ್ಯಾಗ ಹೊತ್ತಿದ ಅನ್ನ ಉಂಡು ಹೋದ್ರು. ಇಷ್ಟೆಲ್ಲಾ ಮಾಡಿ ಕೊನಿಗೆ ನೋಡಿದ್ರ, ಆಕಿ ಹುಟ್ಟು ಕೊಟ್ಟು ಹೊಂಟಬಿಟ್ಲು!"

"ಕ್ಷಮಾ ಮಾಡಿದ್ಲವಾ" ಎಂದರು ಶೇಖರಮ್ಮ ಮೆಲ್ಲಗೆ.

"ಕ್ಷಮಾ?" ಅಮೃತಾ ಬೆಂಚಿನ ಮೇಲೆ ಕುಳಿತಳು. "ಅಕ್ಕಾರ, ನೀವು ಯಾವತ್ತರ ಹರಿಗೋಲಿನ್ಯಾಗ ಕುಂತೀರೇನು? ಆ ಸಣ್ಣಾಕಿಗೆ ಹುಟ್ಟು ಹಾಕಾಕ ಬರಂಗಿಲ್ಲ. ನಡುವ ಒಂದು ಕಡೆ ಬರದಾರ ನೋಡ್ರಿ, ಆಕಿ ಹುಟ್ಟು ಹಿಡದ್ರ ಮಂದಿ ನಗತಾರ ಅಂತ. ತುಂಬಿದ ಹೊಳ್ಯಾಗ ಅಂಥಾಕಿ ಕೈಯಾಗ ಹುಟ್ಟು ಕೊಟ್ರ ಅದು ಕೊಟ್ಟಂಗೇನು? ನೂಕಿದಂಗ! ಹರಿಗೋಲು ತಿರಗತಿತ್ತು ಅಂತ ಬರದಾರ. ಅದು ಯಾವಾಗ ತಿರಗತೈತಿ? ಹಾಕಾಕ ಬರದಿದ್ದಾಗ ತಿರಗತೈತಿ."

ಶೇಖರಮ್ಮ ಆ ಕೊನೆಯ ಸಾಲನ್ನು ಅದೆಷ್ಟು ಸಲ ಓದಿದ್ದರೋ. ನಿಧಾನಕ್ಕೆ ತಿರುಗುವ ಹರಿಗೋಲು ಅವರ ಕಣ್ಣಿಗೆ ಯಾವಾಗಲೂ ಚೆಂದ ಕಾಣುತ್ತಿತ್ತು, ಸಂಜೆಯ ಬೆಳಕಿನಲ್ಲಿ, ಒಂದು ಹೂವಿನ ಹಾಗೆ. ಈಗ ಅದರಲ್ಲಿ ಒಬ್ಬ ಹೆಂಗಸು ಕಂಡಳು.

"ಸುಳ್ಳು" ಎಂದರು. ಅವರ ದನಿ ಏರಿತು. ಹಾಗೆ ಏರಿ ಎಷ್ಟೋ ದಿನವಾಗಿತ್ತು. "ಕಾಳವ್ವ ಅಂಥಾಕಿ ಅಲ್ಲ. ಆ ಸಣ್ಣಾಕಿ ಬಾಣಂತನ ಮಾಡಿದಾಕಿ ಯಾರು? ಕಾಳವ್ವ! ಅದನ್ನ ಓದಲಿಲ್ಲೇನು ನೀನು?"

"ಓದೇನಿ. ಅದಕ್ಕ ಸಿಟ್ಟು ಐತಿ ಆಕಿಗೆ."

"ಪುಸ್ತಕ ತಾ ಇಲ್ಲಿ, ತೋರಸ್ತೀನಿ."

"ತಂದಿಲ್ರಿ."

"ಎಲ್ಲೈತಿ?"

ಅಮೃತಾ ಮೊದಲ ಸಲ ಸ್ವಲ್ಪ ಅಳುಕಿದಳು. "ಕೊಟ್ಟೇನ್ರಿ. ಬಾಜು ಮನಿ ಶಮೀನಾಗ. ಏನ್ ಮಾಡ್ಲಿ, ನನಗೂ ಜಗಳ ಆಡಾಕ ಒಬ್ಬರು ಬೇಕಿತ್ತಲ್ರಿ. ಆಕಿ ಓದಕೋತ ಬಾಣಂತನದ ಮಟ ಬಂದಾಳ. ಮದಲಿನ ಹಾಳಿ ಇರ್ಲಿಲ್ಲಲ್ಲ, ಅದನ್ನ ನಾನ ಹೇಳಿ ಕೊಟ್ಟೆ. 'ಈ ಹು‌ಟ್ಟು ಯಾರಿಗೂ ಕೊಡಂಗಿಲ್ಲ ಎಂದು ಹೇಳಿ ಆಕೆ ಹೊಳೆಗೆ ಇಳಿದಳು.' ಹಿಂಗ ಇರ್ಬೇಕದು."

"ಅಲ್ಲ!" ಎಂದರು ಶೇಖರಮ್ಮ. "ಹಂಗ ಇಲ್ಲದು. ಮಳಿ ಬರತೈತಿ ಲಗೂನ ಹೋಗಿ ಬರ್ತೀನಿ ಅಂದಿರ್ಬೇಕು."

"ನೀವು ಓದೀರೇನ್ರಿ ಆ ಹಾಳಿ?"

"ಇಲ್ಲ. ನೀ ಓದೀಯೇನು?"

"ಇಲ್ಲ."

ಇಬ್ಬರೂ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಿದರು. ಗದ್ದಲ ಕೇಳಿ ಪಂಪಾಪತಿ ಬಾಗಿಲಿಗೆ ಬಂದರು. ಫಾಲ್ ಬಿಚ್ಚಿಹೋಗಿ ಗಿರಾಕಿ ಜಗಳಕ್ಕೆ ಬಂದಿದ್ದಾಳೆಂದು ತಿಳಿದು, "ಹೊಸಾದು ಹಚ್ಚಿಕೊಡ್ತಾಳ ಬಿಡ್ರಿ ತಂಗಿ, ರೊಕ್ಕ ಬ್ಯಾಡ" ಎಂದರು. ಯಾರೂ ಅವರ ಕಡೆ ತಿರುಗಲಿಲ್ಲ. ಅವರು ಹೆಂಡತಿಯ ಮುಖವನ್ನು ಒಮ್ಮೆ ನೋಡಿ, ಚಹಾದ ಅಂಗಡಿಯ ಕಡೆಗೆ ನಡೆದರು.

ರೇಷ್ಮೆ ಸೀರೆಯ ಗಿರಾಕಿ ಅಷ್ಟು ಹೊತ್ತೂ ತಮ್ಮ ಸೀರೆಯನ್ನು ಮರೆತು ಕೇಳುತ್ತಿದ್ದರು. ಈಗ ಬೆಂಚಿನ ಮೇಲೆ ಹತ್ತಿರ ಸರಿದು, ತಗ್ಗಿದ ದನಿಯಲ್ಲಿ ಕೇಳಿದರು:

"ಕಾಳವ್ವ ಅಂದ್ರ ನಿಮ್ಮ ಪೈಕೀನ್ರಿ?"

"ಹೌದು" ಎಂದರು ಶೇಖರಮ್ಮ ಮತ್ತು ಅಮೃತಾ.

"ಆ ಸಣ್ಣಾಕಿ ಬದುಕಿದ್ಲೋ ಹೋದ್ಲೋ?"

ಅದಕ್ಕೆ ಇಬ್ಬರೂ ಎರಡು ಉತ್ತರ ಕೊಟ್ಟರು. ಆಮೇಲೆ ಶೇಖರಮ್ಮ ಫೋನು ತೆಗೆದರು. ಸಿದ್ದಾಪುರದಲ್ಲಿ ಫೋನು ಎತ್ತಿದ ಗೌಸಬೀಯ ಹಿಂದೆ ಎಂದಿನಂತೆ ಯಾರೋ ಅಳುತ್ತಿದ್ದರು.

"ತಡಿ ಬೇ, ಜಾಹೀರಾತು..."

"ಗೌಸವ್ವಾ, ಇಲ್ಲೊಬ್ಬಾಕಿ ಬಂದಾಳ. ಹರಿಗೋಲಿಂದು ಓದ್ಯಾಳ. ಕಾಳವ್ವ ಬೇಕಂತ ಮುಳುಗಿಸ್ಯಾಳ ಅಂತಾಳ."

ಆ ಕಡೆ ಅಳುತ್ತಿದ್ದವರ ಸದ್ದು ನಡುವೆಯೇ ನಿಂತುಹೋಯಿತು; ಯಾರೋ ಟೀವಿ ಆರಿಸಿದ್ದರು.

"ಯಾವಾಕಿ ಬೇ ಆಕಿ?" ಎಂದರು ಗೌಸಬೀ. "ಫೋನ್ ಕೊಡು ಆಕಿ ಕೈಯಾಗ."